ಈಡಿಪಸ್ ನೋಡುವಾಗ ನಗು ಬಂದರೆ ತಪ್ಪಾ?

ಕಡೆಸಾಲು (ಚರ್ಚೆ ಶುರು ಮಾಡಿದವರು)

ಈಗ ನಡೆಯುತ್ತಿರುವ ‘ಈಡಿಪಸ್’ ಪ್ರಯೋಗವನ್ನು ನೋಡಿದವರು ಇಲ್ಲಿ ಸಾಕಷ್ಟು ಜನ ಇದ್ದೀರಿ. ನಿಮ್ಮನ್ನೆಲ್ಲ ಒಂದು ಮಾತು ಕೇಳಬೇಕಿತ್ತು. ನೋಡದವರಿಗೆ ಕಥೆ ಎರಡು ಮಾತಿನಲ್ಲಿ: ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತೀಯ ಅನ್ನುವ ದೆಲ್ಫಿಯ ದೈವವಾಣಿಗೆ ಹೆದರಿ, ತಂದೆ ಅಂದುಕೊಂಡಿದ್ದ ಪಾಲಿಬಸ್‌ನ ಊರು ಕಾರಿಂತ್ ಬಿಟ್ಟು ಬಂದ ಈಡಿಪಸ್ ಈಗ ಥೀಬ್ಸ್‌ನ ದೊರೆ. ಹಿಂದಿನ ದೊರೆ ಲಾಯಸ್ ತನ್ನ ತಂದೆ, ಅವನನ್ನು ಕೊಂದವನು ತಾನೇ, ಹೆಂಡತಿ ಯೊಕಾಸ್ತ ತನ್ನ ತಾಯಿ ಅನ್ನುವುದು ಅವನಿಗೆ ಗೊತ್ತಿಲ್ಲ, ನೋಡುವವರಿಗೆ ಗೊತ್ತು.

ನಾನು ನೋಡಿದ ಶೋನಲ್ಲಿ ಜನ ನಕ್ಕರು. ಒಂದೇ ಕಡೆ ಅಲ್ಲ. ಲಾಯಸ್ ದೊರೆಯನ್ನು ಕೊಂದವನಿಗೆ ಶಾಪ ಹಾಕುತ್ತಾ ಈಡಿಪಸ್ ‘ಅವನು ನನ್ನ ಸ್ವಂತ ತಂದೆಯೇನೋ ಅನ್ನುವ ಹಾಗೆ ಅವನ ಪರವಾಗಿ ಹೋರಾಡುತ್ತೇನೆ’ ಅನ್ನುತ್ತಾನಲ್ಲ, ಅಲ್ಲಿ ಮೊದಲು ಒಂದು ಸಣ್ಣ ನಗು ಎದ್ದಿತು. ಆಮೇಲೆ ಯೊಕಾಸ್ತ ‘ತಾಯಿಯ ಜತೆ ಮಲಗಿದ ಹಾಗೆ ಎಷ್ಟೋ ಗಂಡಸರಿಗೆ ಕನಸು ಬಿದ್ದಿದೆ, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ’ ಅಂದಾಗ ಜೋರಾಗಿಯೇ ನಕ್ಕರು. ಕಾರಿಂತ್‌ನಿಂದ ಬಂದ ಮುದುಕ ಖುಷಿಯಲ್ಲಿ ‘ಅಷ್ಟಕ್ಕೇ ಹೆದರಿದ್ದಾ? ಪಾಲಿಬಸ್ ನಿನ್ನನ್ನು ಹುಟ್ಟಿಸಿದ ತಂದೆಯೇ ಅಲ್ಲ’ ಅಂದಾಗ ಮತ್ತೊಮ್ಮೆ. ನನ್ನ ಪಕ್ಕದಲ್ಲಿದ್ದ ಹಿರಿಯರು ತಡೆಯಲಾರದೆ ಹಿಂದೆ ತಿರುಗಿ ‘ಇದೇನು ಹಾಸ್ಯ ನಾಟಕ ಅಂದುಕೊಂಡಿದ್ದೀರಾ?’ ಅಂತ ಕೇಳಿಯೇ ಬಿಟ್ಟರು.

ನಾಟಕ ಮುಗಿದ ಮೇಲೆ ಹೊರಗೆ ನಿಂತವರ ಮಾತೆಲ್ಲ ಅದರ ಬಗ್ಗೆಯೇ. ಈಗಿನ ಜನಕ್ಕೆ ದುರಂತ ನಾಟಕ ನೋಡುವ ತಾಳ್ಮೆ ಇಲ್ಲ, ಎಲ್ಲದಕ್ಕೂ ನಗುತ್ತಾರೆ ಅಂತ ಕೆಲವರು. ಅನುವಾದ ಸರಿ ಇಲ್ಲ ಅಂತ ಇನ್ನು ಕೆಲವರು.

ನನಗೆ ಹಾಗನ್ನಿಸಲಿಲ್ಲ. ನಕ್ಕ ಅದೇ ಜನ, ಮಗುವಾಗಿದ್ದ ಈಡಿಪಸ್‌ನನ್ನು ಬೆಟ್ಟಕ್ಕೆ ಒಯ್ದಿದ್ದ ಕುರಿ ಕಾಯುವ ಮುದುಕ ಬಾಯಿ ಬಿಡುವ ಹೊತ್ತಿಗೆ ಉಸಿರು ಬಿಗಿಹಿಡಿದು ಕೂತಿದ್ದರು. ‘ಹೇಳಬಾರದ್ದನ್ನು ಹೇಳುವ ಅಂಚಿಗೆ ಬಂದೆ’ ಅಂತ ಅವನು, ‘ನಾನು ಕೇಳಬಾರದ್ದನ್ನು ಕೇಳುವ ಅಂಚಿಗೆ. ಆದರೂ ಕೇಳಲೇಬೇಕು’ ಅಂತ ದೊರೆ. ಆಗ ಒಂದು ಕೆಮ್ಮೂ ಇಲ್ಲ. ತಾಳ್ಮೆ ಇಲ್ಲದವರು ಹಾಗೆ ಕೂರುವುದಿಲ್ಲ. ಆ ನಗುವೂ ಈ ಮೌನವೂ ಒಂದೇ ಕಡೆಯಿಂದ ಬಂದವು ಅನ್ನುವುದು ನನ್ನ ನಂಬಿಕೆ. ನಿಮಗೆ ಏನನ್ನಿಸಿತು?

ತಾಲೀಮುಮನೆ

ನಾನು ನೋಡಿದ ದಿನವೂ ನಕ್ಕರು. ಆದರೆ ನಾನು ಪ್ರೇಕ್ಷಕರನ್ನು ಸುಮ್ನೆ ಬಿಡುವುದಿಲ್ಲ, ನಟರನ್ನೂ ಬಿಡುವುದಿಲ್ಲ. ‘ಸ್ವಂತ ತಂದೆ’ ಅನ್ನುವ ಮಾತಿಗೆ ಮೊದಲು ಆ ನಟ ಒಂದು ಗಳಿಗೆ ನಿಂತ. ಮುಖವನ್ನು ನಮ್ಮ ಕಡೆ ತಿರುಗಿಸಿದ. ಆಮೇಲೆ ಆ ಎರಡು ಪದವನ್ನು ಎತ್ತಿ ಎತ್ತಿ ಹೇಳಿದ. ಅಂದರೆ ‘ನಿಮಗೆ ಗೊತ್ತಲ್ವಾ, ನನಗೂ ಗೊತ್ತು’ ಅಂತ ಪ್ರೇಕ್ಷಕರ ಜತೆ ಒಳಒಪ್ಪಂದ ಮಾಡಿಕೊಂಡ ಹಾಗಾಯಿತು. ನಗು ಬರದೆ ಇನ್ನೇನು ಬರುತ್ತದೆ?

ಈಡಿಪಸ್‌ಗೆ ಆ ಗಳಿಗೆಯಲ್ಲಿ ಏನೂ ಗೊತ್ತಿಲ್ಲ. ಅವನು ಜವಾಬ್ದಾರಿ ಹೊತ್ತ ಒಳ್ಳೆಯ ದೊರೆ. ಊರಿಗೆ ಪ್ಲೇಗ್ ಬಂದಿದೆ, ಹೆಂಗಸರಿಗೆ ಹೆರಿಗೆ ಆಗುತ್ತಿಲ್ಲ, ಬೆಳೆ ಒಣಗುತ್ತಿದೆ. ಜನ ಬಂದು ಕಾಲಿಗೆ ಬಿದ್ದಿದ್ದಾರೆ. ಅವನು ಆ ಶಾಪವನ್ನು ಬಿರುಸಾಗಿ, ನಿಜಕ್ಕೂ ನಂಬಿ ಹೇಳಬೇಕು. ಮಾತಿನ ಒಳಗಿನ ಎರಡನೇ ಅರ್ಥವನ್ನು ನಟ ಮುಟ್ಟಲೇಬಾರದು. ಅದು ನಮ್ಮ ಪಾಲಿನದು, ನಾವೇ ಎತ್ತಿಕೊಳ್ಳುತ್ತೇವೆ.

ಯೊಕಾಸ್ತ ಮಾಡಿದ ನಟಿ ಮಾತ್ರ ಆ ತಪ್ಪು ಮಾಡಲಿಲ್ಲ. ಕನಸಿನ ಮಾತನ್ನು ಆಕೆ ಗಂಡನ ಕೂದಲು ಸರಿ ಮಾಡುತ್ತಾ, ಒಂದು ಸಾಮಾನ್ಯ ಸಮಾಧಾನದ ಹಾಗೆ ಹೇಳಿದರು. ಆಗ ಬಂದ ನಗು ಬೇರೆ ಥರ ಇತ್ತು. ಎದ್ದ ಕೂಡಲೇ ನಿಂತುಹೋಯಿತು.

ಮೊದಲ್ಸಲ

ನಮಸ್ಕಾರ. ನಾನು ನಾಟಕ ನೋಡಿದ್ದು ಕಡಿಮೆ. ಈ ಕಥೆ ನನಗೆ ಗೊತ್ತೇ ಇರಲಿಲ್ಲ. ಈಡಿಪಸ್ ಅನ್ನುವ ಹೆಸರು ಕೇಳಿದ್ದೆ, ಅಷ್ಟೆ.

ನನಗೆ ನಗು ಬರಲಿಲ್ಲ. ಸುತ್ತ ಇರುವವರು ಯಾಕೆ ನಗುತ್ತಿದ್ದಾರೆ ಅನ್ನುವುದೂ ಅರ್ಥ ಆಗಲಿಲ್ಲ. ನಾನು ಅವನ ಜತೆಯಲ್ಲೇ ಹುಡುಕುತ್ತಿದ್ದೆ. ಕುರುಡ ಕಾಲಜ್ಞಾನಿ ಟೈರೀಸಿಯಸ್ ‘ನೀನೇ ಕೊಲೆಗಾರ’ ಅಂತ ಮುಖಕ್ಕೆ ಹೇಳಿದಾಗಲೂ ನಂಬಲಿಲ್ಲ. ಮುದುಕ ಸಿಟ್ಟಿನಲ್ಲಿ ಹೇಳಿದ್ದು ಅಂದುಕೊಂಡೆ. ಈಡಿಪಸ್ ಕೂಡ ಹಾಗೇ ಅಂದುಕೊಂಡನಲ್ಲ.

ಗೊತ್ತಾಗಿದ್ದು ಯೊಕಾಸ್ತಳ ಮುಖ ನೋಡಿ. ಕಾರಿಂತ್‌ನ ಮುದುಕ, ಮಗುವಿನ ಕಾಲಿನ ಗಿಣ್ಣು ಚುಚ್ಚಿ ಸೇರಿಸಿದ್ದರು, ನಾನೇ ಬಿಡಿಸಿದೆ ಅಂತ ಹೇಳುತ್ತಿದ್ದ. ಎಲ್ಲರೂ ಅವನನ್ನು ನೋಡುತ್ತಿದ್ದರು. ನಾನು ಯಾಕೋ ಆಕೆಯನ್ನು ನೋಡಿದೆ. ಆಕೆ ಅಲ್ಲಾಡಲಿಲ್ಲ. ಒಂದು ಕೈ ಕಂಬದ ಮೇಲಿತ್ತು, ಆ ಕೈಯ ಬೆರಳುಗಳು ಮಾತ್ರ ಒಂದೊಂದಾಗಿ ಮಡಚಿಕೊಂಡವು. ಆಗ ಹೊಟ್ಟೆಯಲ್ಲಿ ಏನೋ ಕದಲಿದ ಹಾಗಾಯಿತು. ಅಲ್ಲಿಂದ ಮುಂದೆ ಅವನು ಕೇಳುವ ಪ್ರತಿ ಪ್ರಶ್ನೆಗೂ ‘ಬೇಡ, ಕೇಳಬೇಡ’ ಅಂತ ನಾನೇ ಒಳಗೊಳಗೆ ಹೇಳುತ್ತಿದ್ದೆ.

ಕಥೆ ಗೊತ್ತಿಲ್ಲದೆ ನೋಡಿದ್ದು ನನ್ನ ಅದೃಷ್ಟ ಅಂತ ಅನ್ನಿಸುತ್ತಿದೆ. ಗೊತ್ತಿದ್ದು ನೋಡುವವರಿಗೆ ಏನು ಉಳಿದಿರುತ್ತದೆ?

ಹಳೆಗ್ರೀಕು

ಒಳ್ಳೆಯ ಪ್ರಶ್ನೆ ಮೇಡಂ. ಕಾಲೇಜಿನಲ್ಲಿ ಈ ನಾಟಕ ಪಾಠ ಮಾಡುತ್ತೇನೆ, ಪ್ರತಿ ವರ್ಷ ಯಾರಾದರೂ ಇದನ್ನು ಕೇಳುತ್ತಾರೆ.

ಸಾಫೋಕ್ಲಿಸ್ ಇದನ್ನು ಬರೆದಿದ್ದು ಕ್ರಿ.ಪೂ. 5ನೇ ಶತಮಾನದಲ್ಲಿ. ಸುಮಾರು ಕ್ರಿ.ಪೂ. 429ರಲ್ಲಿ ಆಡಿರಬೇಕು ಅಂತ ಬಹಳಷ್ಟು ವಿದ್ವಾಂಸರ ಅಂದಾಜು. ಹಾಗಿದ್ದರೆ ಅಥೆನ್ಸ್‌ಗೆ ನಿಜವಾಗಿಯೇ ಸಾಂಕ್ರಾಮಿಕ ರೋಗ ಬಡಿದದ್ದು ಅದರ ಹಿಂದಿನ ವರ್ಷ, ಕ್ರಿ.ಪೂ. 430ರಲ್ಲಿ. ಮನೆಯಲ್ಲಿ ಸಾವು ನೋಡಿ ಬಂದು ಕೂತವರ ಮುಂದೆ, ರೋಗ ಬಿದ್ದ ಊರಿನ ಜನ ದೊರೆಯ ಬಾಗಿಲಿಗೆ ಬಂದು ಕೂರುವ ದೃಶ್ಯದಿಂದ ನಾಟಕ ಶುರುವಾಗುತ್ತದೆ. ಆ ಮೊದಲ ಗಳಿಗೆ ಅವರಿಗೆ ಹೇಗಿದ್ದಿರಬೇಕು, ಯೋಚನೆ ಮಾಡಿ.

ಅಲ್ಲಿ ಕೂತವರಿಗೆ ಈಡಿಪಸ್ ಯಾರು ಅಂತ ಗೊತ್ತಿತ್ತು. ಹೋಮರನ ‘ಒಡಿಸ್ಸಿ’ಯಲ್ಲೇ ಈ ಕಥೆ ಚಿಕ್ಕದಾಗಿ ಬರುತ್ತದೆ. ಆದರೆ ಗಮನಿಸಿ, ಅಲ್ಲಿ ಅವನು ಕಣ್ಣು ಚುಚ್ಚಿಕೊಂಡ ಮಾತಿಲ್ಲ. ತಾಯಿ ನೇಣು ಹಾಕಿಕೊಂಡ ಮೇಲೂ ಅವನು ನೋವು ಅನುಭವಿಸುತ್ತಾ ಥೀಬ್ಸ್ ಆಳುತ್ತಲೇ ಇರುತ್ತಾನೆ. ಅಂದರೆ ತಂದೆಯನ್ನು ಕೊಂದ, ತಾಯಿಯನ್ನು ಮದುವೆಯಾದ ಅನ್ನುವುದು ಜನಕ್ಕೆ ಗೊತ್ತಿದ್ದರೂ, ಅದು ಹೇಗೆ ಬಯಲಾಗುತ್ತದೆ, ಆಮೇಲೆ ಅವನು ಏನು ಮಾಡಿಕೊಳ್ಳುತ್ತಾನೆ ಅನ್ನುವುದರಲ್ಲಿ ಕವಿಗೆ ಜಾಗ ಇತ್ತು. ಸಾಫೋಕ್ಲಿಸ್ ಮಾಡಿದ್ದೇನು? ಕೊಲೆಗಾರನನ್ನು ಹುಡುಕುವ ಕೆಲಸವನ್ನು ಕೊಲೆಗಾರನ ಕೈಗೇ ಕೊಟ್ಟ. ಹುಡುಕುವವನು ಪ್ರಾಮಾಣಿಕ. ಅವನು ಒಂದೇ ಒಂದು ಸಲ ‘ಸಾಕು ಬಿಡಿ’ ಅಂದಿದ್ದರೆ ಉಳಿಯುತ್ತಿದ್ದ. ಅನ್ನಲಿಲ್ಲ. ಟೈರೀಸಿಯಸ್ ಬೇಡ ಅಂದ, ಯೊಕಾಸ್ತ ಬೇಡ ಅಂದಳು, ಕುರಿ ಕಾಯುವವನು ಕೈಮುಗಿದು ಬೇಡ ಅಂದ. ಈಡಿಪಸ್ ಅವನ ಕೈ ಹಿಂದಕ್ಕೆ ತಿರುಚಿಸಿ ಬಾಯಿ ಬಿಡಿಸಿದ.

ಗೊತ್ತಿದ್ದವರಿಗೆ ಉಳಿದಿರುವುದು ಅದು. ಏನಾಗುತ್ತದೆ ಅನ್ನುವ ಕುತೂಹಲ ಹೋಗಿ, ಆಗುವುದನ್ನು ತಡೆಯಲಾಗದೆ ನೋಡುವ ಸಂಕಟ ಉಳಿಯುತ್ತದೆ. ನಿಮಗೆ ಕೊನೆಯ ಅರ್ಧ ಗಂಟೆ ಆದದ್ದು ಅವರಿಗೆ ಮೊದಲ ಮಾತಿನಿಂದ ಆಗುತ್ತದೆ.

ಅಂದ ಹಾಗೆ, ಆ ವರ್ಷದ ಅಥೆನ್ಸ್‌ನ ನಾಟಕ ಸ್ಪರ್ಧೆಯಲ್ಲಿ ಸಾಫೋಕ್ಲಿಸ್‌ಗೆ ಮೊದಲ ಬಹುಮಾನ ಬರಲಿಲ್ಲ. ಹಿರಿಯ ನಾಟಕಕಾರ ಈಸ್ಕಿಲಸ್‌ನ ಸೋದರಳಿಯ ಫಿಲೊಕ್ಲಿಸ್ ಗೆದ್ದ. ಅವನು ಆಡಿಸಿದ ನಾಟಕಗಳು ಇವತ್ತು ಉಳಿದೇ ಇಲ್ಲ.

ಕಡೆಸಾಲು

ಮೇಷ್ಟ್ರೇ, ನಾನು ಹೇಳಲು ತಡಕಾಡುತ್ತಿದ್ದದ್ದು ಇದೇ. ದೂರದಲ್ಲಿ ಒಂದು ಮಗು ಬಾವಿಯ ಕಟ್ಟೆ ಕಡೆ ಅಂಬೆಗಾಲಿಡುತ್ತಿದೆ, ನಾವು ಕೂಗಿದರೂ ಕೇಳಿಸದು. ಆಗ ಗಂಟಲಿನಿಂದ ಬರುವ ಸದ್ದಿಗೆ ಹೆಸರಿಲ್ಲ. ಅದು ಅಳುವೂ ಅಲ್ಲ, ನಗುವೂ ಅಲ್ಲ. ಸಾವಿರ ಜನರ ನಡುವೆ ಕೂತಾಗ ಆ ಸದ್ದು ನಗುವಿನ ಹಾಗೆ ಕೇಳಿಸಿತು ಅಂತ ನನ್ನ ವಾದ.

ತಾಲೀಮುಮನೆಯವರ ಮಾತನ್ನೂ ಒಪ್ಪುತ್ತೇನೆ. ನಟ ಕಣ್ಣು ಮಿಟುಕಿಸಿದರೆ ಬರುವ ನಗು ಬೇರೆ. ಅದರಲ್ಲಿ ನಾವು ಅವನಿಗಿಂತ ಮೇಲೆ ಕೂತುಬಿಡುತ್ತೇವೆ. ಯೊಕಾಸ್ತಳ ಮಾತಿಗೆ ಬಂದ ನಗುವಿನಲ್ಲಿ ಹಾಗೆ ಮೇಲೆ ಕೂರುವುದು ಇರಲಿಲ್ಲ.

ಮೇಳದವಳು

ನಾನು ಬೇರೊಂದು ತಂಡದಲ್ಲಿ ಇದೇ ನಾಟಕದ ಮೇಳದಲ್ಲಿ, ಅಂದರೆ ಊರ ಜನರಾಗಿ ನಿಂತು ಹಾಡುವ ಗುಂಪಿನಲ್ಲಿ, ಇದ್ದವಳು. ರಂಗದ ಮೇಲೆ ನಿಂತವರಿಗೆ ಏನು ಕೇಳಿಸುತ್ತದೆ ಅಂತ ಹೇಳುತ್ತೇನೆ.

ಈ ನಾಟಕದಲ್ಲಿ ಮೇಳ ಒಳಗೆ ಬಂದ ಮೇಲೆ ಕೊನೆವರೆಗೂ ರಂಗದಲ್ಲೇ ಇರುತ್ತದೆ. ನಟರು ಬಂದು ಹೋಗುತ್ತಾರೆ, ನಾವು ಹೋಗುವುದಿಲ್ಲ. ಹಾಗಾಗಿ ಸಭೆಯ ಉಸಿರು ನಮಗೆ ಚೆನ್ನಾಗಿ ಗೊತ್ತಾಗುತ್ತದೆ. ಬೇಜಾರಾದ ನಗು ಅಲ್ಲಲ್ಲಿ ಚೆದುರಿ ಬರುತ್ತದೆ, ಅದರ ಹಿಂದೆಯೇ ಪಿಸುಮಾತು ಇರುತ್ತದೆ, ಕುರ್ಚಿ ಸದ್ದಾಗುತ್ತದೆ. ಹೆದರಿದ ನಗು ಎಲ್ಲ ಕಡೆಯಿಂದ ಒಟ್ಟಿಗೆ ಬಂದು ಒಟ್ಟಿಗೆ ನಿಲ್ಲುತ್ತದೆ. ನಿಂತ ಮೇಲಿನ ಮೌನ ಮೊದಲಿಗಿಂತ ಗಟ್ಟಿ. ನಮ್ಮ ಯೊಕಾಸ್ತ ಆ ನಗುವಿಗೆ ಕಾಯುತ್ತಿದ್ದರು. ಅದು ಬಂದ ದಿನ ಮುಂದಿನ ದೃಶ್ಯ ಹಗುರಾಗಿ ಎದ್ದು ಬರುತ್ತದೆ ಅನ್ನುತ್ತಿದ್ದರು.

ನನಗೆ ಆ ನಗುವಿಗಿಂತ ಹೆಚ್ಚು ಕಾಡುವುದು ಯೊಕಾಸ್ತ ಹೋಗುವ ಗಳಿಗೆ. ‘ನೀನು ಯಾರು ಅಂತ ನಿನಗೆ ಎಂದೂ ಗೊತ್ತಾಗದಿರಲಿ’ ಅಂದು ಆಕೆ ಒಳಗೆ ಓಡುತ್ತಾಳೆ. ಆ ಮೌನದಿಂದ ಏನೋ ಕೆಟ್ಟದ್ದು ಒಡೆದು ಬರುತ್ತದೆ ಅಂತ ನಮಗೆ ಭಯ, ಅದನ್ನು ಬಾಯಿಬಿಟ್ಟು ಹೇಳುತ್ತೇವೆ. ಈಡಿಪಸ್ ಮಾತ್ರ ‘ನಾನು ಕೀಳು ಕುಲದವನು ಅಂತ ಆಕೆಗೆ ನಾಚಿಕೆ’ ಅಂದುಕೊಳ್ಳುತ್ತಾನೆ. ನಾನು ಅದೃಷ್ಟದ ಮಗ ಅಂತ ಎದೆಯುಬ್ಬಿಸುತ್ತಾನೆ. ಅದರ ಬೆನ್ನಿಗೇ ನಾವು ಹಾಡಬೇಕು. ಎಂಥ ಹಾಡು? ಖುಷಿಯ ಹಾಡು! ನಮ್ಮ ದೊರೆ ಯಾವ ದೇವರ ಮಗ ಇರಬಹುದು, ಬೆಟ್ಟದ ಮೇಲೆ ಯಾವ ದೇವಕನ್ಯೆಗೆ ಹುಟ್ಟಿರಬಹುದು ಅಂತ ಕುಣಿಯುವ ಹಾಡು.

ತಾಲೀಮಿನಲ್ಲಿ ಇದು ನಮಗೆ ಒಗ್ಗಲೇ ಇಲ್ಲ. ಈಗತಾನೇ ಹೆದರಿದವರು ಈಗ ಹೇಗೆ ಕುಣಿಯುವುದು? ನಿಧಾನ ಮಾಡಿ, ಸ್ವಲ್ಪ ಅನುಮಾನ ಬೆರೆಸಿ ಹಾಡಿ ನೋಡಿದೆವು. ಸತ್ತುಹೋಯಿತು. ಕೊನೆಗೆ ನಿರ್ದೇಶಕರು, ನೀವು ಇವನನ್ನು ಪ್ರೀತಿಸುವ ಜನ, ಒಳ್ಳೆಯ ಸುದ್ದಿ ಇರಲಿ ಅಂತ ಬೇಡುತ್ತಿದ್ದೀರಿ, ಪೂರ್ತಿ ಮನಸ್ಸಿನಿಂದ ಹಾಡಿ ಅಂದರು. ಹಾಗೆ ಹಾಡಿದ ದಿನ ಮುಂದಿನ ಸಾಲಿನ ಹೆಂಗಸೊಬ್ಬರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಈಗಿನ ಪ್ರಯೋಗದಲ್ಲಿ ಈ ಹಾಡನ್ನೇ ತೆಗೆದುಹಾಕಿದ್ದಾರೆ. ನನಗೆ ತುಂಬಾ ನೋವಾಯಿತು.

ಬೆಳಕಿನ ಕೆಲಸ

ನನ್ನ ತಕರಾರು ಬೇರೆ. ಕಣ್ಣು ಚುಚ್ಚಿಕೊಳ್ಳುವುದನ್ನು ಈ ಪ್ರಯೋಗದಲ್ಲಿ ಬಿಳಿ ಪರದೆಯ ಹಿಂದೆ ನೆರಳಿನಲ್ಲಿ ತೋರಿಸಿದರು. ಆಮೇಲೆ ಪರದೆ ಮೇಲೆ ಕೆಂಪು ಇಳಿಯಿತು. ನಾನಿದ್ದ ದಿನ ಇಬ್ಬರು ಎದ್ದು ಹೊರಗೆ ಹೋದರು. ಒಬ್ಬ ಹುಡುಗ ಫೋನ್ ಎತ್ತಿ ಫೋಟೊ ತೆಗೆಯಲು ಹೋದ, ಪಕ್ಕದವರು ಕೈ ಹಿಡಿದರು.

ಸಾಫೋಕ್ಲಿಸ್ ಅದನ್ನು ತೋರಿಸಲಿಲ್ಲ. ಒಳಗಿಂದ ಒಬ್ಬ ಸೇವಕ ಬಂದು ಹೇಳುತ್ತಾನೆ. ಬಾಗಿಲಿಗೆ ಅಗುಳಿ ಹಾಕಿತ್ತು. ದೊರೆ ಕೂಗುತ್ತಾ ಬಾಗಿಲು ಮುರಿದ. ಆಕೆ ನೇತಾಡುತ್ತಿದ್ದಳು. ಅವನು ಹಗ್ಗ ಬಿಚ್ಚಿ ಆಕೆಯನ್ನು ನೆಲಕ್ಕಿಳಿಸಿದ. ಆಮೇಲೆ ಆಕೆಯ ಉಡುಪಿನಲ್ಲಿದ್ದ ಚಿನ್ನದ ಪಿನ್ನುಗಳನ್ನು ಕಿತ್ತುಕೊಂಡ.

ಇಷ್ಟನ್ನು ಒಬ್ಬ ಮನುಷ್ಯ ನಿಂತಲ್ಲೇ ನಿಂತು ಹೇಳಿದರೆ ಸಾಕು. ಆ ಹಗ್ಗ ಬಿಚ್ಚುವುದು ಇದೆಯಲ್ಲ, ಮೊದಲು ಅವಳನ್ನು ಇಳಿಸಿದ, ಆಮೇಲೆ ತನ್ನ ಕಣ್ಣು. ಆ ಕ್ರಮವನ್ನು ಕೇಳುವಾಗ ನಾವೇ ಆ ಕೋಣೆಯೊಳಗೆ ಇರುತ್ತೇವೆ. ನೆರಳು ತೋರಿಸಿದ ಕೂಡಲೇ ಅದು ಹೇಗೆ ಮಾಡಿದರು, ದೀಪ ಎಲ್ಲಿಟ್ಟರು ಅಂತ ನೋಡುತ್ತಾ ಕೂತೆ. ನನ್ನ ಕಸುಬೇ ಅದಾದ್ದರಿಂದ ಹಾಗಾಯಿತೋ ಏನೋ ಅಂದುಕೊಂಡರೆ, ನನ್ನ ಜತೆ ಬಂದ ತಂಗಿಯೂ ಅದನ್ನೇ ಹೇಳಿದಳು.

ಹಳೆಗ್ರೀಕು

ಅರಿಸ್ಟಾಟಲ್ ಇದನ್ನು ಹೇಳಿದ್ದಾನೆ, ಅದೂ ಈಡಿಪಸ್ ಹೆಸರು ಹಿಡಿದೇ. ಕಣ್ಣಿಂದ ನೋಡದೆ ಬರೀ ಕಥೆ ಕೇಳಿದವನಿಗೂ ನಡುಕ ಬರಬೇಕು, ಮರುಕ ಹುಟ್ಟಬೇಕು, ಹಾಗಿರಬೇಕು ಕಥೆಯ ಕಟ್ಟು. ಬರೀ ನೋಟದಿಂದ ಹೆದರಿಸುವುದು ಅವನ ಪ್ರಕಾರ ಕಡಿಮೆ ದರ್ಜೆಯ ಕೆಲಸ.

ಕಾರಿಂತ್‌ನ ಮುದುಕನನ್ನೂ ಅವನು ಉದಾಹರಣೆ ಕೊಡುತ್ತಾನೆ. ಖುಷಿ ಕೊಡಲು, ತಾಯಿಯ ಭಯ ಬಿಡಿಸಲು ಬಂದವನು ಹೇಳಿದ ಮಾತಿನಿಂದಲೇ ಎಲ್ಲ ತಲೆಕೆಳಗಾಗುತ್ತದೆ. ಅಲ್ಲಿ ಜನ ನಕ್ಕರು ಅಂದಿರಲ್ಲ, ನನಗೆ ಆಶ್ಚರ್ಯ ಆಗಲಿಲ್ಲ. ಆ ಮುದುಕ ಬಹುಮಾನದ ಆಸೆಯಲ್ಲಿ ಓಡಿ ಬಂದ ಸರಳ ಮನುಷ್ಯ. ಅವನನ್ನು ನೋಡಿ ಮೊದಲು ಮುಖ ಅರಳಲೇಬೇಕು.

ನೋಡಿದ್ದು_ಹೇಳ್ತೀನಿ

ನಾನು ಈ ಪ್ರಯೋಗವನ್ನು ಪೂರ್ತಿ ವಿರೋಧಿಸುವವನು, ಹೇಳಿಬಿಡುತ್ತೇನೆ. ಸೂಟು ಬೂಟು, ಮೈಕು, ಹಿಂದೆ ಟಿವಿ ಪರದೆ. ಈಡಿಪಸ್ ಚುನಾವಣೆ ಗೆದ್ದ ನಾಯಕನ ಹಾಗೆ ಭಾಷಣ ಮಾಡುತ್ತಾನೆ. ದೈವವಾಣಿ ಫೋನಿನಲ್ಲಿ ಬರುತ್ತದೆ! ದೆಲ್ಫಿಯ ದೇವರನ್ನು ನಿಜ ಅಂತ ನಂಬದ ಲೋಕದಲ್ಲಿ ಈ ಕಥೆ ನಿಲ್ಲುವುದೇ ಇಲ್ಲ. ಸೂಟು ಹಾಕಿಕೊಂಡವನು ದೈವವಾಣಿಗೆ ಹೆದರಿ ಊರು ಬಿಟ್ಟು ಓಡಿಬಂದ ಅಂದರೆ ಜನ ನಗುತ್ತಾರೆ. ಅದು ಸಂಕಟದ ನಗು ಅಂತ ನೀವು ದೊಡ್ಡದು ಮಾಡುತ್ತಿದ್ದೀರಿ. ಹೊಂದದ್ದನ್ನು ನೋಡಿ ಬಂದ ನಗು ಅದು.

ತಾಲೀಮುಮನೆ

ಫೋನಿನ ವಿಷಯದಲ್ಲಿ ನಿಮ್ಮ ಮಾತು ಸರಿ. ಅಲ್ಲಿ ನನಗೂ ಕಸಿವಿಸಿ ಆಯಿತು. ಆದರೆ ಸೂಟು ಹಾಕಿದ್ದಕ್ಕೇ ಎಲ್ಲ ಹಾಳಾಯಿತು ಅನ್ನಲಾರೆ. ರೋಗ ಬಿದ್ದ ಊರು, ಜನಕ್ಕೆ ಮಾತು ಕೊಟ್ಟ ನಾಯಕ, ತನಿಖೆ ಮಾಡಿದಷ್ಟೂ ಅದು ತನ್ನ ಕಡೆಯೇ ತಿರುಗುವುದು. ಇದಕ್ಕೆ ಯಾವ ಬಟ್ಟೆಯಾದರೂ ಆಗುತ್ತದೆ. ಯೊಕಾಸ್ತಳ ಸೋದರ ಕ್ರಿಯಾನ್ ಮೇಲೆ ‘ನೀನೂ ಟೈರೀಸಿಯಸ್‌ನೂ ಸೇರಿ ನನ್ನನ್ನು ಇಳಿಸಲು ಸಂಚು ಮಾಡಿದ್ದೀರಿ’ ಅಂತ ಹಾರಾಡುವ ದೃಶ್ಯ ಈ ಬಟ್ಟೆಯಲ್ಲಿ ಎಷ್ಟು ಚೆನ್ನಾಗಿ ಬಂತು, ನೀವೇ ಹೇಳಿ.

ನೋಡಿದ್ದು_ಹೇಳ್ತೀನಿ

ಆ ದೃಶ್ಯ ಚೆನ್ನಾಗಿತ್ತು. ಒಪ್ಪುತ್ತೇನೆ. ಉಳಿದದ್ದಕ್ಕೆ ನನ್ನ ಮಾತು ಹಾಗೇ ಇದೆ.

ಪರದೆಯಾಚೆ

ಪ್ರೇಕ್ಷಕರು ಹೇಗೆ ನಡೆದುಕೊಂಡರು ಅನ್ನುವುದರ ಹಳೆಯ ಕಥೆಗಳು ಇಲ್ಲಿ ಬೇಕು ಅನ್ನಿಸಿತು.

ಇಂಗ್ಲೆಂಡಿನಲ್ಲಿ ಈ ನಾಟಕವನ್ನು ವೃತ್ತಿರಂಗದಲ್ಲಿ ಆಡಲು 1910ರವರೆಗೆ ಸರ್ಕಾರದ ಪರವಾನಗಿಯೇ ಸಿಗುತ್ತಿರಲಿಲ್ಲ. ಮಗ ತಾಯಿಯ ಮದುವೆಯ ವಿಷಯ, ಜನ ಕೆಟ್ಟುಹೋಗುತ್ತಾರೆ ಅನ್ನುವ ಭಯ. 1912ರಲ್ಲಿ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಅದನ್ನು ಲಂಡನ್ನಿನ ಕೊವೆಂಟ್ ಗಾರ್ಡನ್‌ಗೆ ತಂದ. ಊರ ಜನರ ಪಾತ್ರ ಮಾಡಿದ ದೊಡ್ಡ ಗುಂಪು ಪ್ರೇಕ್ಷಕರ ನಡುವಿನಿಂದಲೇ ನುಗ್ಗಿ ರಂಗಕ್ಕೆ ಬರುತ್ತಿತ್ತು. ಪಕ್ಕದಲ್ಲೇ ಕೈ ಚಾಚಿ ಗೋಳಾಡುವವರು ಓಡಿಹೋದರೆ ಕೂತವರೂ ಥೀಬ್ಸ್‌ನವರೇ ಆಗಿಬಿಡುತ್ತಾರೆ, ಅಲ್ವಾ.

1945ರಲ್ಲಿ ಲಾರೆನ್ಸ್ ಒಲಿವಿಯರ್ ಓಲ್ಡ್ ವಿಕ್ ತಂಡದ ಜತೆ ಈಡಿಪಸ್ ಮಾಡಿದರು. ನಿಜ ಗೊತ್ತಾದ ಗಳಿಗೆಯಲ್ಲಿ ಅವರು ಹಾಕಿದ ಕೂಗು ರಂಗಭೂಮಿಯಲ್ಲಿ ಇವತ್ತಿಗೂ ಮಾತಾಗಿದೆ. ಮಂಜಿನ ನಾಡಿನಲ್ಲಿ ಬೇಟೆಗಾರರು ಮಂಜುಗಡ್ಡೆಯ ಮೇಲೆ ಉಪ್ಪು ಹಾಕುತ್ತಾರೆ, ನೆಕ್ಕಲು ಬಂದ ಪ್ರಾಣಿಯ ನಾಲಿಗೆ ಅಲ್ಲೇ ಅಂಟಿಕೊಂಡುಬಿಡುತ್ತದೆ ಅಂತ ಅವರು ಕೇಳಿದ್ದರು. ಆ ಪ್ರಾಣಿಯ ನೋವನ್ನು ನೆನೆದು ಆ ಕೂಗು ಕಟ್ಟಿಕೊಂಡೆ ಅಂತ ಅವರೇ ಹೇಳಿದ್ದಾರೆ. ಇನ್ನೂ ಒಂದು ವಿಷಯ. ಅದೇ ರಾತ್ರಿ, ಅದೇ ಟಿಕೆಟ್ಟಿಗೆ, ಈಡಿಪಸ್ ಮುಗಿದ ಮೇಲೆ ಶೆರಿಡನ್‌ನ ಒಂದು ನಗೆನಾಟಕ ಇತ್ತು. ರಕ್ತ ಸುರಿಯುವ ಕಣ್ಣಿನ ದೊರೆಯಾಗಿದ್ದ ನಟನೇ ಅದರಲ್ಲೂ ಬಂದು ಜನರನ್ನು ನಗಿಸುತ್ತಿದ್ದರು.

ಮೊದಲ್ಸಲ

ಅದೇ ರಾತ್ರಿಯಾ? ನನಗಾದರೆ ಆಗುತ್ತಿರಲಿಲ್ಲ. ನಾನು ಅವತ್ತು ಮನೆವರೆಗೂ ಯಾರ ಹತ್ತಿರವೂ ಮಾತಾಡಿಲ್ಲ.

ಹಳೆಗ್ರೀಕು

ಅಥೆನ್ಸ್‌ನವರಿಗೂ ಇದು ರೂಢಿಯೇ ಇತ್ತು. ಕವಿಯೊಬ್ಬ ಮೂರು ದುರಂತ ನಾಟಕ ಆಡಿಸಿದ ಮೇಲೆ ನಾಲ್ಕನೆಯದಾಗಿ ಒಂದು ಕುಣಿದು ಕೆಣಕುವ ನಾಟಕ ಇರುತ್ತಿತ್ತು. ಜನ ಅಷ್ಟನ್ನೂ ಕೂತು ನೋಡುತ್ತಿದ್ದರು.

ಆದರೆ ಅವರಿಗೂ ತಡೆಯಲಾಗದ ದಿನ ಇತ್ತು. ಕ್ರಿ.ಪೂ. 494ರಲ್ಲಿ ಪರ್ಷಿಯನ್ನರು ಮಿಲೆಟಸ್ ಪಟ್ಟಣವನ್ನು ಹಾಳುಮಾಡಿದರು. ಅದು ಅಥೆನ್ಸ್‌ನವರಿಗೆ ಬಳಗದ ಊರು. ಸ್ವಲ್ಪ ಸಮಯದಲ್ಲೇ ಫ್ರಿನಿಕಸ್ ಅನ್ನುವ ಕವಿ ಅದನ್ನೇ ನಾಟಕ ಮಾಡಿದ. ಇಡೀ ಸಭೆ ಅತ್ತಿತು ಅಂತ ಇತಿಹಾಸಕಾರ ಹೆರೊಡೊಟಸ್ ಬರೆಯುತ್ತಾನೆ. ಕವಿಗೆ 1000 ದ್ರಾಖ್ಮಾ ದಂಡ ಹಾಕಿದರು, ಆ ನಾಟಕವನ್ನು ಇನ್ನು ಯಾರೂ ಆಡಕೂಡದು ಅಂದರು. ತಮ್ಮದೇ ಸಂಕಟವನ್ನು ನೆನಪಿಸಿದ್ದು ಅವನ ತಪ್ಪು.

ದಂಡ ಯಾಕೆ ಅನ್ನುವುದನ್ನು ಗಮನಿಸಿ. ನಾಟಕ ಕೆಟ್ಟದಾಗಿತ್ತು ಅಂತ ಅಲ್ಲ. ಅಂತರ ಸಾಲದಾಯಿತು. ಈಡಿಪಸ್ ಥೀಬ್ಸ್‌ನವನು, ಹಳೆಯ ಕಾಲದವನು. ಅವನಿಗಾಗಿ ಅತ್ತರೆ ತಮಗಾಗಿ ಅತ್ತ ಹಾಗೂ ಆಯಿತು, ಅಲ್ಲ ಅಂತ ಹೇಳಿಕೊಳ್ಳಲೂ ಜಾಗ ಉಳಿಯಿತು.

ಗದೆಮುರಿದವನು

ಪ್ರೇಕ್ಷಕರು ತಡೆಯಲಾರದೆ ನಾಟಕವನ್ನೇ ಬದಲಿಸಿದ್ದೂ ಇದೆ. ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’ನಲ್ಲಿ ಕೊನೆಗೆ ದೊರೆಯ ಮಗಳು ಕಾರ್ಡೀಲಿಯ ಸಾಯುತ್ತಾಳೆ. 1681ರಲ್ಲಿ ನಹುಮ್ ಟೇಟ್ ಅದನ್ನು ತಿದ್ದಿ, ಅವಳನ್ನು ಉಳಿಸಿ ಮದುವೆ ಮಾಡಿಸಿದ. ಇಂಗ್ಲಿಷ್ ರಂಗದಲ್ಲಿ ನೂರೈವತ್ತು ವರ್ಷ ಅದೇ ನಡೆಯಿತು. ನಟ ಮ್ಯಾಕ್‌ರೆಡಿ 1838ರಲ್ಲಿ ಮೂಲವನ್ನು ಮತ್ತೆ ತಂದ. ಡಾಕ್ಟರ್ ಜಾನ್ಸನ್ ಅಂಥವರೇ, ಕಾರ್ಡೀಲಿಯಳ ಸಾವು ಓದಿ ಎಷ್ಟು ನೊಂದುಕೊಂಡರು ಅಂದರೆ, ಸಂಪಾದಕರಾಗಿ ತಿದ್ದಲೇಬೇಕಾಗಿ ಬರುವವರೆಗೆ ಆ ಕೊನೆಯ ದೃಶ್ಯಗಳನ್ನು ಮತ್ತೆ ಓದಲಿಲ್ಲ.

ನಮ್ಮ ಕಡೆ ಭಾಸನ ‘ಊರುಭಂಗ’ ನೆನಪಾಗುತ್ತದೆ. ತೊಡೆ ಮುರಿದ ದುರ್ಯೋಧನನ ಹತ್ತಿರ ಚಿಕ್ಕ ಮಗ ಓಡಿಬಂದು ತೊಡೆ ಮೇಲೆ ಕೂರಲು ಹೋಗುತ್ತಾನೆ. ಕೂರಬೇಡ ಅಂತ ತಂದೆ ಹೇಳಬೇಕಾಗುತ್ತದೆ. ಯಾವ ಭಾಷೆಯಲ್ಲಿ ಆಡಿದರೂ, ದುರ್ಯೋಧನನನ್ನು ಎಷ್ಟೇ ದ್ವೇಷಿಸುವವರು ಕೂತಿದ್ದರೂ, ಆ ಜಾಗದಲ್ಲಿ ಗಂಟಲು ಕಟ್ಟುತ್ತದೆ. ಈಡಿಪಸ್‌ನ ಕೊನೆಯಲ್ಲೂ ಮಕ್ಕಳೇ ಬರುತ್ತಾರೆ. ಆ ದೃಶ್ಯದ ಬಗ್ಗೆ ಯಾರೂ ಮಾತೇ ಎತ್ತಲಿಲ್ಲವಲ್ಲ?

ಮೊದಲ್ಸಲ

ಮಕ್ಕಳಾ? ನಾನು ನೋಡಿದ್ದರಲ್ಲಿ ಮಕ್ಕಳು ಬರಲೇ ಇಲ್ಲ. ಈಡಿಪಸ್ ಕೋಲು ಹಿಡಿದು ಪ್ರೇಕ್ಷಕರ ನಡುವೆ ಇಳಿದು ಹೋದ, ದೀಪ ಆರಿತು, ಮುಗಿಯಿತು.

ಮೇಳದವಳು

ಅದನ್ನೂ ಕತ್ತರಿಸಿದ್ದಾರೆ. ಮೂಲದಲ್ಲಿ ಹಾಗಿಲ್ಲ. ಕುರುಡಾದ ಈಡಿಪಸ್ ಕ್ರಿಯಾನ್ ಹತ್ತಿರ ಒಂದು ಬೇಡಿಕೆ ಇಡುತ್ತಾನೆ, ಹೆಣ್ಣುಮಕ್ಕಳಿಬ್ಬರನ್ನು ಒಂದು ಸಲ ಮುಟ್ಟಬೇಕು ಅಂತ. ಮಾತು ಮುಗಿಯುವ ಮೊದಲೇ ಅವರ ಅಳು ಕೇಳಿಸುತ್ತದೆ. ಕ್ರಿಯಾನ್ ಮೊದಲೇ ಅವರನ್ನು ಕರೆಸಿರುತ್ತಾನೆ. ಅಷ್ಟು ಹೊತ್ತು ಕ್ರಿಯಾನ್‌ನನ್ನು ಕಳ್ಳ, ದ್ರೋಹಿ ಅಂತ ಬೈದದ್ದು ಇದೇ ಈಡಿಪಸ್. ಆ ಮನುಷ್ಯ ಕೇಳದೆಯೇ ಮಾಡಿದ ಉಪಕಾರ ಅದು. ಆಮೇಲೆ ಮಕ್ಕಳನ್ನು ಬಿಟ್ಟು ಒಳಗೆ ನಡೆ ಅನ್ನುತ್ತಾನೆ. ‘ಇವರನ್ನು ಮಾತ್ರ ಕಿತ್ತುಕೊಳ್ಳಬೇಡ’ ಅಂತ ಈಡಿಪಸ್. ‘ಎಲ್ಲದರಲ್ಲೂ ನಿನ್ನದೇ ನಡೆಯಬೇಕು ಅನ್ನಬೇಡ’ ಅಂತ ಕ್ರಿಯಾನ್.

ನಮ್ಮ ಪ್ರಯೋಗದಲ್ಲಿ ಇಬ್ಬರು ಪುಟ್ಟ ಹುಡುಗಿಯರೇ ಇದ್ದರು. ಅವರಿಗೆ ಮಾತಿಲ್ಲ. ಈಡಿಪಸ್ ಮಾಡಿದ ನಟ ತಡವಿ ತಡವಿ ಚಿಕ್ಕವಳ ತಲೆ ಹುಡುಕುತ್ತಿದ್ದರು, ಕೈ ಮೊದಲು ಗಾಳಿಗೆ ಹೋಗುತ್ತಿತ್ತು. ಹುಡುಗಿ ತಾನಾಗಿ ಒಂದು ಹೆಜ್ಜೆ ಮುಂದೆ ಬಂದು ತಲೆಯನ್ನು ಆ ಕೈ ಕೆಳಗೆ ಇಡುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ.

ಹಳೆಗ್ರೀಕು

ಆ ಇಬ್ಬರು ಆಂಟಿಗೊನೆ, ಇಸ್ಮೀನ್. ಸಾಫೋಕ್ಲಿಸ್‌ನ ‘ಆಂಟಿಗೊನೆ’ ಬಂದಿದ್ದು ಸುಮಾರು ಕ್ರಿ.ಪೂ. 441ರಲ್ಲಿ, ಅಂದರೆ ಈಡಿಪಸ್‌ಗಿಂತ ಮೊದಲು. ಆಂಟಿಗೊನೆ ದೊಡ್ಡವಳಾಗಿ, ಅಣ್ಣನ ಹೆಣಕ್ಕೆ ಮಣ್ಣು ಹಾಕಿ, ಇದೇ ಕ್ರಿಯಾನ್‌ನಿಂದ ಸಾವಿನ ಶಿಕ್ಷೆಗೆ ಗುರಿಯಾಗಿ ಗುಹೆಯಲ್ಲಿ ನೇಣು ಹಾಕಿಕೊಳ್ಳುವುದನ್ನು ಜನ ಆಗಲೇ ನೋಡಿದ್ದರು. ಈಗ ಅವಳು ಮಗುವಾಗಿ ರಂಗಕ್ಕೆ ಬರುತ್ತಾಳೆ. ಕುರುಡ ತಂದೆ ಅವಳ ಕೈಯನ್ನು ಕ್ರಿಯಾನ್‌ಗೆ ಒಪ್ಪಿಸುತ್ತಾ ಇವರನ್ನು ನೋಡಿಕೋ ಅನ್ನುತ್ತಾನೆ.

ಕಡೆಸಾಲಿನವರು ಮೊದಲಿಗೆ ಹೇಳಿದ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅಲ್ಲಿವರೆಗೆ ಪ್ರೇಕ್ಷಕರಿಗೆ ಗೊತ್ತಿದ್ದದ್ದು ಈಡಿಪಸ್‌ಗೆ ಗೊತ್ತಿರಲಿಲ್ಲ. ಈಗ ಅವನಿಗೆ ಎಲ್ಲ ಗೊತ್ತಾಯಿತು, ಇನ್ನೇನು ನಾವೂ ಅವನೂ ಸಮ ಅಂದುಕೊಳ್ಳುವ ಹೊತ್ತಿಗೆ, ಅವನಿಗೆ ಗೊತ್ತಿಲ್ಲದ್ದು ಮತ್ತೂ ಒಂದು ನಮ್ಮ ಕೈಗೆ ಬರುತ್ತದೆ.

ಬೆಳಕಿನ ಕೆಲಸ

ಇದನ್ನು ಕತ್ತರಿಸಿ ಆ ಪರದೆ ಮೇಲಿನ ಕೆಂಪಿಗೆ ಅಷ್ಟು ಹೊತ್ತು ಕೊಟ್ಟರಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಕಡೆಸಾಲು

ನನಗೆ ಈ ದೃಶ್ಯ ಇದೆ ಅನ್ನುವುದು ಓದಿ ಗೊತ್ತಿತ್ತು. ಅದು ಹೋದದ್ದರಿಂದ ಕೊನೆಯಲ್ಲಿ ಏನೋ ಬೇಗ ಮುಗಿಯಿತು ಅನ್ನಿಸಿತು, ಎಲ್ಲಿ ಅಂತ ಹಿಡಿಯಲು ಆಗಿರಲಿಲ್ಲ.

ಇಂಟರ್ವಲ್ ಬಗ್ಗೆಯೂ ಹೇಳಬೇಕು. ಯೊಕಾಸ್ತ ಒಳಗೆ ಓಡಿದ ಕೂಡಲೇ ದೀಪ ಹಾಕಿ ಹದಿನೈದು ನಿಮಿಷ ಬಿಟ್ಟರು. ಇಡೀ ನಾಟಕ 1530 ಸಾಲು, ಒಂದೇ ಬೀಸಿಗೆ ಎರಡು ಗಂಟೆಯೊಳಗೆ ಮುಗಿಯುವಂಥದ್ದು. ಆಕೆ ಒಳಗೆ ಏನು ಮಾಡಿಕೊಳ್ಳುತ್ತಿದ್ದಾಳೆ ಅನ್ನುವ ಭಯದಲ್ಲೇ ಮುಂದಿನದೆಲ್ಲ ನಡೆಯಬೇಕು. ಆ ಭಯ ಹೊತ್ತುಕೊಂಡು ಯಾರು ಸಾಲಿನಲ್ಲಿ ನಿಂತು ಕಾಫಿ ಕುಡಿಯುತ್ತಾರೆ? ವಾಪಸ್ ಬಂದಾಗ ಅರ್ಧ ಜನ ಫೋನ್ ನೋಡುತ್ತಿದ್ದರು. ಅವರನ್ನು ದೂರಲಾರೆ.

ತಾಲೀಮುಮನೆ

ಇಂಟರ್ವಲ್ ಇಟ್ಟದ್ದು ನಟನಿಗೆ ವೇಷ ಬದಲಿಸಲು ಸಮಯ ಬೇಕು ಅಂತ ಇರಬಹುದು. ಆದರೂ ಆ ಜಾಗ ತಪ್ಪು. ಇಡಲೇಬೇಕಿದ್ದರೆ ಟೈರೀಸಿಯಸ್ ಹೋದ ಮೇಲೆ, ಕ್ರಿಯಾನ್ ಜಗಳ ಶುರುವಾಗುವ ಮುಂಚೆ ಇಡಬಹುದಿತ್ತು.

ನೋಡಿದ್ದು_ಹೇಳ್ತೀನಿ

ಅಲ್ಲಿಯೂ ಬೇಡ. ಎಲ್ಲಿಯೂ ಬೇಡ.

ಮೇಳದವಳು

ತಂಡದವರು ಪ್ರದರ್ಶನದ ನಂತರ ಅಭಿಪ್ರಾಯ ಬರೆಯಲು ಪುಸ್ತಕ ಇಟ್ಟಿದ್ದಾರೆ. ನಾನು ಮೂರು ವಿಷಯ ಬರೆದು ಬಂದಿದ್ದೇನೆ: ಖುಷಿಯ ಹಾಡು ವಾಪಸ್ ತನ್ನಿ, ಹೆಣ್ಣುಮಕ್ಕಳನ್ನು ವಾಪಸ್ ತನ್ನಿ, ಇಂಟರ್ವಲ್ ತೆಗೆಯಿರಿ. ಯೊಕಾಸ್ತ ಮಾಡಿದ ನಟಿಗೆ ಬೇರೆ ಪುಟದಲ್ಲಿ ಬರೆದೆ. ಹೋಗುವವರು ನೀವೂ ಬರೆಯಿರಿ, ಬೈಗುಳ ಬೇಡ, ಯಾವ ದೃಶ್ಯ ಅಂತ ಸ್ಪಷ್ಟವಾಗಿ ಹೇಳಿ. ಓದುತ್ತಾರೆ.

ಮೊದಲ್ಸಲ

ನಾನು ಮತ್ತೆ ಹೋಗುತ್ತಿದ್ದೇನೆ, ಈ ಸಲ ಅಮ್ಮನ ಜತೆ. ಅಮ್ಮನಿಗೆ ಕಥೆ ಹೇಳಿ ಕರೆದುಕೊಂಡು ಹೋಗಬೇಕಾ, ಹೇಳದೆ ಹೋಗಬೇಕಾ?

ಹಳೆಗ್ರೀಕು

ಹೇಳಿ ಕರೆದುಕೊಂಡು ಹೋಗಿ.

ತಾಲೀಮುಮನೆ

ಹೇಳಬೇಡಿ. ನಿಮಗೆ ಸಿಕ್ಕ ಆ ಕಂಬದ ಮೇಲಿನ ಕೈ ಅವರಿಗೂ ಸಿಗಲಿ.